ಆಪರೇಷನ್ ಆದ ಮೇಲೆ ಒಳಗೆ ಅಂಟಿಕೊಳ್ಳದಂತೆ ಏನು ಮಾಡಬಹುದು?

ಹೊಸನಗರದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಆಪರೇಷನ್. ಗಡ್ಡೆ ಮಾತ್ರ ತೆಗೆಯುತ್ತಾರೆ, ಗರ್ಭಕೋಶ ಉಳಿಸುತ್ತಾರೆ. ನಮಗಿನ್ನೂ ಮಕ್ಕಳಾಗಿಲ್ಲ. ನಮ್ಮ ದೊಡ್ಡಮ್ಮ ಗರ್ಭಕೋಶ ತೆಗೆಸಿದ ಮೇಲೆ ಒಳಗೆ ಕರುಳು ಅಂಟಿಕೊಂಡು ವರ್ಷಗಟ್ಟಲೆ ನೋವು ತಿಂದರು. ನನಗೂ ಹಾಗಾಗಬಾರದು. ಹರಳೆಣ್ಣೆ ಹಚ್ಚಿ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿದರೆ ಅಂಟಿಕೊಳ್ಳುವುದಿಲ್ಲ ಅಂತ ಅತ್ತೆ ಹೇಳುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯಿಂದ:

ತಂಗಿ, ನಾನು ಆಪರೇಷನ್ ಆಗಿ ಎರಡು ವರ್ಷದ ಮೇಲೆ ಕೇಳಿದ್ದನ್ನು ನೀವು ಮೊದಲೇ ಕೇಳುತ್ತಿದ್ದೀರಿ. ಒಳ್ಳೆಯದಾಯಿತು. ಈ ಅಂಟು ಹುಟ್ಟುವುದು ಆಪರೇಷನ್ ಟೇಬಲ್ ಮೇಲೆ ಮತ್ತು ಅದಾದ ಮೊದಲ ವಾರದಲ್ಲಿ. ಆಮೇಲೆ ಮನೆಯಲ್ಲಿ ಮಾಡುವುದಕ್ಕೆ ಜಾಸ್ತಿ ಉಳಿಯುವುದಿಲ್ಲ.

ನನಗೆ 2013ರಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಚೀಲದಂಥ ಗಡ್ಡೆ, ಅಂತ ಹೊಟ್ಟೆ ಕೊಯ್ದು ತೆಗೆದರು. ಹೊಲಿಗೆ ಚೆನ್ನಾಗಿ ಮಾಯಿತು. ಆದರೆ ಆ ವರ್ಷ ಕೊಯ್ಲಿನಲ್ಲಿ ಅಡಿಕೆ ಸುಲಿಯಲು ಕೂತರೆ ಬಲಗಡೆ ಒಳಗಿನಿಂದ ಯಾರೋ ದಾರ ಹಿಡಿದು ಎಳೆದ ಹಾಗೆ. ಎದ್ದು ನಿಂತರೆ ಸರಿ, ಮತ್ತೆ ಬಗ್ಗಿದರೆ ಅದೇ ಎಳೆತ. ಮೂರು ಸಲ ಸ್ಕ್ಯಾನ್ ಮಾಡಿಸಿದೆ, ಮೂರು ಸಲವೂ ನಾರ್ಮಲ್. ಮನೆಯವರಿಗೆ ನನ್ನ ನೋವೇ ಸುಳ್ಳು ಅನ್ನಿಸುವ ಹಾಗಾಯಿತು. ಇಂಥ ಅಂಟು ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. 2015ರಲ್ಲಿ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡಿದ ಡಾಕ್ಟರ್ ವಿಡಿಯೋ ತೋರಿಸಿದರು. ಬಲಗಡೆ ಅಂಡಾಶಯ ಪಕ್ಕದ ಗೋಡೆಗೆ ಕೂತುಬಿಟ್ಟಿತ್ತು. ಮಧ್ಯೆ ಬಿಳಿ ಪೊರೆ, ಜೇಡರ ಬಲೆಯ ಹಾಗೆ.

ಅವರು ಹೇಳಿದ್ದು ಇಷ್ಟು. ಹೊಟ್ಟೆಯೊಳಗಿನ ಅಂಗಗಳ ಮೇಲೆ ತೆಳ್ಳಗಿನ ನುಣುಪು ಪೊರೆ ಇರುತ್ತದೆ. ಅದಕ್ಕೆ ಗಾಯವಾದಲ್ಲಿ ಫೈಬ್ರಿನ್ ಅನ್ನುವ ಅಂಟು ಕೂರುತ್ತದೆ. ಕೆಲವೇ ದಿನಗಳಲ್ಲಿ ದೇಹವೇ ಅದನ್ನು ಕರಗಿಸಬೇಕು. ಆ ಜಾಗ ಒಣಗಿದ್ದರೆ, ರಕ್ತ ನಿಂತಿದ್ದರೆ, ಸೋಂಕು ತಗುಲಿದ್ದರೆ ಸರಿಯಾಗಿ ಕರಗುವುದಿಲ್ಲ, ಗಟ್ಟಿ ಪಟ್ಟಿಯಾಗುತ್ತದೆ. ನನಗೆ ಕೂಡಲೇ ನೆನಪಾದದ್ದು ಹಲಸಿನ ಮೇಣ. ಹಸಿ ಇದ್ದಾಗ ಎಣ್ಣೆ ಕೈಯಲ್ಲಿ ಉಜ್ಜಿದರೆ ಹೋಗುತ್ತದೆ. ಒಣಗಿ ಕೂತ ಮೇಲೆ ಕೆರೆದೇ ತೆಗೆಯಬೇಕು, ಕೆರೆದಲ್ಲಿ ಮತ್ತೆ ಗಾಯ. ಅಂಟು ಬಿಡಿಸುವ ಆಪರೇಷನ್ ಮಾಡಿದರೂ ಮತ್ತೆ ಅಂಟಬಹುದು ಅನ್ನುವುದು ಇದಕ್ಕೇ.

ಹಾಗಾಗಿ ಅಡ್ಮಿಟ್ ಆಗುವ ಮೊದಲೇ ಕೇಳಿ. ಲ್ಯಾಪ್ರೋಸ್ಕೋಪಿಯಲ್ಲಿ ಆಗುತ್ತದಾ? ಗಡ್ಡೆ ಗರ್ಭಕೋಶದ ಮುಂದಿನ ಗೋಡೆಯಲ್ಲಿದೆಯಾ, ಹಿಂದಿನದರಲ್ಲಾ? ಹಿಂದಿನ ಗೋಡೆಯಲ್ಲಿ ಕೊಯ್ದರೆ ಅಂಟುವುದು ಜಾಸ್ತಿ. ಅಂಟು ತಡೆಯುವ ಬ್ಯಾರಿಯರ್ ಇಡುತ್ತೀರಾ? ನನಗೆ ಎರಡನೇ ಸಲ ಇಂಟರ್‌ಸೀಡ್ ಅನ್ನುವ ತೆಳು ಬಟ್ಟೆಯಂಥದ್ದನ್ನು ಇಟ್ಟರು. ಅದು ಒಳಗೇ ಕರಗಿಹೋಗುತ್ತದೆ. ಇಂಥವು ಅಂಟುವುದನ್ನು ಕಡಿಮೆ ಮಾಡುತ್ತವೆ. ಆದರೆ ಇಟ್ಟ ಮಾತ್ರಕ್ಕೆ ನೋವು ಬರುವುದಿಲ್ಲ, ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ ಡಾಕ್ಟರೇ ಹೇಳಿದರು. ಖರ್ಚು ಬೇರೆ ಆಗುತ್ತದೆ, ಮೊದಲೇ ವಿಚಾರಿಸಿ.

ಇನ್ನೊಂದು, ಇದನ್ನು ಮರೆಯಲೇಬೇಡಿ. ಆಪರೇಷನ್ ನೋಟ್ಸ್ ಕಾಪಿ ಕೇಳಿ ತಗೊಳ್ಳಿ. ನನ್ನ ಹತ್ತಿರ ಇದ್ದದ್ದು ಮೂರು ಸಾಲಿನ ಡಿಸ್ಚಾರ್ಜ್ ಚೀಟಿ. ಮೊದಲ ಸಲ ಒಳಗೆ ಏನು ಮಾಡಿದ್ದರು ಅಂತ ಎರಡನೇ ಡಾಕ್ಟರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಅತ್ತೆಯವರ ಮಾತಿಗೆ: ಹರಳೆಣ್ಣೆ ಚರ್ಮದ ಮೇಲೇ ಇರುತ್ತದೆ, ಒಳಗಿನ ಪೊರೆಗೆ ತಲುಪುವುದಿಲ್ಲ. ಹಸಿ ಹೊಲಿಗೆ ಹತ್ತಿರವಂತೂ ಬೇಡವೇ ಬೇಡ. ಬಟ್ಟೆ ಕಟ್ಟಿದರೆ ನಡೆಯುವಾಗ ಆಧಾರ ಅನ್ನಿಸುತ್ತದೆ, ಡಾಕ್ಟರನ್ನು ಕೇಳಿ ಕಟ್ಟಿಕೊಳ್ಳಿ. ಆದರೆ ಅದು ಅಂಟು ತಡೆಯುವುದಿಲ್ಲ.

ಶಿವಮೊಗ್ಗದಿಂದ:

ನಾನು ಆಪರೇಷನ್ ಥಿಯೇಟರ್ ನರ್ಸ್, 17 ವರ್ಷ ಆಯಿತು. ಒಳಗಿನ ಕೆಲಸದ ಬಗ್ಗೆ ಹೇಳುತ್ತೇನೆ. ಒಳ್ಳೆಯ ಸರ್ಜನ್ ಕೈ ಹಗುರ ಇರುತ್ತದೆ. ಒಣ ಬಟ್ಟೆಯಿಂದ ಒರೆಸುವುದಿಲ್ಲ, ಸಲೈನ್‌ನಲ್ಲಿ ಅದ್ದಿದ್ದನ್ನೇ ಕೇಳುತ್ತಾರೆ. ರಕ್ತ ಸೋರುವ ಸಣ್ಣ ನಾಳವನ್ನೂ ಬಿಡುವುದಿಲ್ಲ. ಕೊನೆಗೆ ಹೆಪ್ಪುಗಟ್ಟಿದ ರಕ್ತವನ್ನೆಲ್ಲ ತೊಳೆದು ತೆಗೆಯುತ್ತಾರೆ. ಇಂಟರ್‌ಸೀಡ್ ಇಡುವುದಿದ್ದರೆ ರಕ್ತ ಪೂರ್ತಿ ನಿಂತಿರಲೇಬೇಕು, ಇಲ್ಲದಿದ್ದರೆ ಪ್ರಯೋಜನವಿಲ್ಲ. ಗ್ಲೌಸ್ ಪೌಡರ್ ಕೂಡ ಒಳಗೆ ಬಿದ್ದರೆ ಅಂಟಿಗೆ ಕಾರಣವಾಗುತ್ತದೆ. ಅಮೆರಿಕದಲ್ಲಿ 2017ರಿಂದ ಪೌಡರ್ ಹಾಕಿದ ಗ್ಲೌಸ್ ನಿಷೇಧ.

ಗಡ್ಡೆ ತುಂಬ ದೊಡ್ಡದಿದ್ದರೆ ಅಥವಾ ಹಲವು ಇದ್ದರೆ ಹೊಟ್ಟೆ ಕೊಯ್ಯಬೇಕಾಗಬಹುದು. ಹಾಗಂದರೆ ಹೆದರಬೇಡಿ. ಅಂಟು ಸ್ವಲ್ಪ ಮಟ್ಟಿಗೆ ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಆಪರೇಷನ್ ಆದ ಮೇಲೆ ಎಬ್ಬಿಸಿ ನಡೆಸಿದರೆ ನಡೆಯಿರಿ. ನಡೆದರೆ ಅಂಟುವುದೇ ಇಲ್ಲ ಅಂತ ನಾನು ಮಾತು ಕೊಡುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದೆ ಇರಲು ಅದು ಬೇಕು. ಜ್ವರ ಬಂದರೆ, ವಾಸನೆಯ ಸ್ರಾವ ಇದ್ದರೆ, ಸುಮ್ನೆ ಮಾತ್ರೆ ನುಂಗಿ ಕೂರದೆ ಬಂದು ತೋರಿಸಿ. ವಾಪಸ್ ಹೋಗುವಾಗ ರಿಪ್ಪನ್‌ಪೇಟೆ ದಾರಿಯಲ್ಲಿ ಹೊಟ್ಟೆಗೊಂದು ದಿಂಬು ಒತ್ತಿ ಹಿಡಿದುಕೊಳ್ಳಿ, ಹಂಪ್ ಬಂದಾಗ ನೋವು ಕಡಿಮೆ.

ಸಾಗರದಿಂದ:

ನನ್ನದು ಬೇರೆ ಥರ. ಮೂರು ತಿಂಗಳಿಗೆ ಗರ್ಭ ಹೋಗಿ ಡಿ ಆಂಡ್ ಸಿ, ಅಂದರೆ ಗರ್ಭಕೋಶದ ಒಳಗೆ ಕೆರೆದು ಕ್ಲೀನ್ ಮಾಡುವುದು, ಮಾಡಿದ್ದರು. ಆಮೇಲೆ ಮುಟ್ಟು ಬರೀ ಕಲೆಯಷ್ಟು. ದೇಹ ಸೋತಿದೆ ಅಂತ ಮನೆಯಲ್ಲಿ ಎಳ್ಳು ಬೆಲ್ಲ ತಿನ್ನಿಸಿದರು. ಎಂಟು ತಿಂಗಳ ಮೇಲೆ ಹಿಸ್ಟರೋಸ್ಕೋಪಿ, ಅಂದರೆ ಗರ್ಭಕೋಶದ ಒಳಗೆ ಕ್ಯಾಮೆರಾ ಹಾಕಿ ನೋಡುವುದು, ಮಾಡಿದಾಗ ಗರ್ಭಕೋಶದ ಒಳಗೋಡೆಗಳೇ ಒಂದಕ್ಕೊಂದು ಅಂಟಿದ್ದವು. ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಅನ್ನುತ್ತಾರೆ. ಬಿಡಿಸಿ, ಒಳಗೆ ಸಣ್ಣ ಬಲೂನ್ ಇಟ್ಟು, ಈಸ್ಟ್ರೋಜನ್ ಮಾತ್ರೆ ಕೊಟ್ಟರು. ಕೆಲವು ವಾರದ ಮೇಲೆ ಮತ್ತೆ ಕ್ಯಾಮೆರಾ ಹಾಕಿ ನೋಡಿದರು. ನಿಮ್ಮ ಗಡ್ಡೆ ಗರ್ಭಕೋಶದ ಒಳಭಾಗಕ್ಕೆ ಚಾಚಿದ್ದರೆ ಇದರ ಬಗ್ಗೆಯೂ ಕೇಳಿ.

ಶಿಕಾರಿಪುರದಿಂದ:

ನಮ್ಮ ಅಮ್ಮನಿಗೆ ಗರ್ಭಕೋಶ ತೆಗೆಸಿ 11 ವರ್ಷ ಆಗಿತ್ತು. ಒಂದು ರಾತ್ರಿ ಹೊಟ್ಟೆ ಹಿಂಡಿ ಹಿಂಡಿ ನೋವು. ಗ್ಯಾಸ್ ಅಂತ ಜೀರಿಗೆ ಕಷಾಯ ಕೊಟ್ಟೆವು. ಬೆಳಗಿನ ಹೊತ್ತಿಗೆ ಹಸಿರು ವಾಂತಿ, ಹೊಟ್ಟೆ ತಮಟೆಯ ಹಾಗೆ ಬಿಗಿ, ಗಾಳಿಯೂ ಹೋಗುತ್ತಿರಲಿಲ್ಲ. ಅಂಟಿನ ಪಟ್ಟಿಗೆ ಕರುಳು ಸಿಕ್ಕಿಕೊಂಡಿತ್ತು. ಮೂಗಿನಿಂದ ನಳಿಕೆ ಹಾಕಿ, ಡ್ರಿಪ್ ಕೊಟ್ಟು ಮೂರು ದಿನದಲ್ಲಿ ಬಿಟ್ಟಿತು, ಆಪರೇಷನ್ ಬೇಕಾಗಲಿಲ್ಲ. ಎಷ್ಟು ವರ್ಷ ಆದರೂ ಹೀಗೆ ಆದರೆ ಬೆಳಗಾಗಲಿ ಅಂತ ಕಾಯಬೇಡಿ.

ಹೊಸನಗರದಿಂದ ಮತ್ತೆ:

ಅಕ್ಕಂದಿರಿಗೆಲ್ಲ ನಮಸ್ಕಾರ. ಪ್ರಶ್ನೆಗಳನ್ನೆಲ್ಲ ಸ್ಕ್ಯಾನ್ ಕವರಿನ ಹಿಂದೆ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಕವರ್ ಈಸಿಕೊಂಡು ಒಂದೊಂದಾಗಿ ಓದಿ ಉತ್ತರ ಹೇಳಿದರು. ಎರಡು ಗಡ್ಡೆ, ಒಂದು ಮುಂದಿನ ಗೋಡೆಯಲ್ಲಿ, ಒಂದು ಹಿಂದೆ. ಸಾಧ್ಯವಾದರೆ ಎರಡನ್ನೂ ಮುಂದಿನ ಒಂದೇ ಕೊಯ್ತದಿಂದ ತೆಗೆಯಲು ನೋಡುತ್ತೇನೆ, ಒಳಗೆ ನೋಡದೆ ಮಾತು ಕೊಡಲಾರೆ ಅಂದರು. ಬ್ಯಾರಿಯರ್ ಇಡುವುದನ್ನೂ ಆಗಲೇ ನಿರ್ಧರಿಸುತ್ತಾರಂತೆ. ನೋಟ್ಸ್ ಕಾಪಿ ಕೊಡುತ್ತಾರೆ. ಅತ್ತೆಗೆ ಹಲಸಿನ ಮೇಣದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಸ್ಪತ್ರೆಯಲ್ಲಿ ಜೊತೆಗೆ ನಾನೇ ಇರುತ್ತೇನೆ ಅಂದರು. 14ಕ್ಕೆ ಅಡ್ಮಿಟ್.