ಬ್ಯಾಂಡ್ ‘ವಿಕಾಸ’ ಹೊಂದುತ್ತದೆಯೇ? ‘ಎರಕ’ ಇಲ್ಲಿ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮಿನಿಸ್ಟ್ರಿ ಎಂಬ ಇಂಡಸ್ಟ್ರಿಯಲ್ ಮೆಟಲ್ (ಯಂತ್ರದ ಸದ್ದು ಮತ್ತು ಭಾರದ ಗಿಟಾರ್ ಬೆರೆತ ಸಂಗೀತ) ಬ್ಯಾಂಡ್ ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಲವತ್ತಕ್ಕೂ ಜಾಸ್ತಿ ವರ್ಷಗಳಲ್ಲಿ ಈ ಬ್ಯಾಂಡ್‌ನ ಸಂಗೀತ ಎಷ್ಟೋ ರೂಪ ತಾಳಿದೆ. ಅದನ್ನೆಲ್ಲ ಸೇರಿಸಿ ಏನೆಂದು ಕರೆಯಬೇಕು? ನಾವು ಸಾಮಾನ್ಯವಾಗಿ ‘ವಿಕಾಸ’ ಅಥವಾ ‘ಬೆಳವಣಿಗೆ’ ಎಂದು ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ಎರಡೂ ಕೂರುತ್ತಿಲ್ಲ.

ಅಲ್ ಜೋರ್ಗೆನ್ಸನ್ 1981ರಲ್ಲಿ ಶಿಕಾಗೋದಲ್ಲಿ ಇದನ್ನು ಕಟ್ಟಿದರು. 1983ರ ಮೊದಲ ಆಲ್ಬಮ್ ‘ವಿತ್ ಸಿಂಪಥಿ’ ನಯವಾದ ಸಿಂಥ್ ಪಾಪ್, ಅಂದರೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡಿನ ಮೇಲೆ ಕಟ್ಟಿದ ಪಾಪ್. ಕುಣಿಯುವವರಿಗೆ ಹೇಳಿ ಮಾಡಿಸಿದ್ದು. 1986ರ ‘ಟ್ವಿಚ್’ ಹೊತ್ತಿಗೆ ದನಿ ಒರಟಾಯಿತು. 1988ರಲ್ಲಿ ಗಿಟಾರ್ ಮುಂದಕ್ಕೆ ಬಂತು. 1992ರ ‘ಸಾಮ್ 69’ ಆಲ್ಬಮ್‌ನಲ್ಲಿ ಡ್ರಮ್ ಮಷೀನಿನ ಹೊಡೆತ, ಥ್ರ್ಯಾಶ್ ಮೆಟಲ್‌ನ ಅತಿವೇಗದ ಗಿಟಾರ್, ಅಮೆರಿಕದ ಅಧ್ಯಕ್ಷರ ಭಾಷಣದಿಂದ ಕತ್ತರಿಸಿದ ಮಾತಿನ ತುಣುಕು, ಎಲ್ಲ ಒಂದರ ಮೇಲೊಂದು ಬೀಳುತ್ತವೆ.

‘ವಿಕಾಸ’ದಲ್ಲಿ ಅರಳುವ ಅರ್ಥವಿದೆ ಅಲ್ವಾ? ಮೊಗ್ಗಿನೊಳಗೆ ಇದ್ದದ್ದೇ ಹೂವಾಗಿ ಬಿಚ್ಚಿಕೊಳ್ಳಬೇಕು. 1983ರ ಆ ಹಾಡುಗಳಲ್ಲಿ 1992ರ ಅಬ್ಬರ ಅಡಗಿತ್ತು ಎಂದು ನನ್ನ ಕಿವಿ ಒಪ್ಪುವುದಿಲ್ಲ. ಜೋರ್ಗೆನ್ಸನ್ ಕೂಡ ಎಷ್ಟೋ ವರ್ಷ ಆ ಆಲ್ಬಮ್ ತನ್ನದೇ ಅಲ್ಲ ಎನ್ನುವಂತೆ ಮಾತಾಡಿದರು. ‘ಬೆಳವಣಿಗೆ’ ಎಂದರೆ ಏನೋ ಹೆಚ್ಚಾಗಬೇಕು. ಆದರೆ 1996ರ ‘ಫಿಲ್ತ್ ಪಿಗ್’ನಲ್ಲಿ ವೇಗ ಬಿತ್ತು, ಕೀಬೋರ್ಡ್ ಮತ್ತು ಸ್ಯಾಂಪಲ್‌ಗಳು (ಬೇರೆಡೆಯಿಂದ ಕತ್ತರಿಸಿ ಸೇರಿಸಿದ ಧ್ವನಿ ತುಣುಕುಗಳು) ಕಡಿಮೆಯಾದವು. ಕೆಸರಿನಲ್ಲಿ ಕಾಲೆಳೆದ ಹಾಗೆ ಹಾಡುಗಳು ಸಾಗುತ್ತವೆ. ನನಗಂತೂ ಅದು ಬಹಳ ಇಷ್ಟದ ಆಲ್ಬಮ್. ಅದನ್ನು ‘ಕುಸಿತ’ ಎಂದು ಬರೆಯಲು ಮನಸ್ಸು ಬಾರದು. ಮತ್ತೆ 2004ರಿಂದ 2007ರವರೆಗೆ, ಕಿರಿಯ ಬುಷ್ ಆಡಳಿತದ ವಿರುದ್ಧ ಮೂರು ಆಲ್ಬಮ್, ಮತ್ತೆ ಆ ವೇಗ.

‘ಪಳಗು’ ಎಂಬ ಪದವನ್ನೂ ಯೋಚಿಸಿದೆ. ಕಾಡಿನದು ಮನೆಗೆ ಹೊಂದಿಕೊಂಡರೆ ಪಳಗಿತು ಎನ್ನುತ್ತೇವೆ. ಇಲ್ಲಿ ನಡೆದದ್ದು ಪೂರ್ತಿ ತಿರುಗುಮುರುಗು. ‘ಹೊರಳು’ ಒಂದು ತಿರುವಿಗೆ ಸರಿ. ಇಡೀ ದಾರಿಗೆ ಸಾಲದು.

ಆಗ ಹೊಳೆದದ್ದು ‘ಎರಕ’. ಲೋಹದ ಸಂಗೀತಕ್ಕೆ ಲೋಹದ ಕೆಲಸದ್ದೇ ಪದ ಎಂಬ ಸಲೀಸಿಗೆ ಮಾತ್ರ ಅಲ್ಲ. ಎರಕದಲ್ಲಿ ಹಳೆಯ ರೂಪ ಕರಗಿ ಹೋಗಲೇಬೇಕು. ಅಚ್ಚು ಬದಲಾದರೆ ರೂಪ ಬೇರೆ, ಲೋಹ ಮಾತ್ರ ಅದೇ. ಮಿನಿಸ್ಟ್ರಿಯಲ್ಲಿ ಜನ ಬಂದರು, ಹೋದರು. 1986ರಿಂದ ಜೊತೆಗಿದ್ದ ಪಾಲ್ ಬಾರ್ಕರ್ ಕೂಡ 2003ರಲ್ಲಿ ಬಿಟ್ಟರು. ಉಳಿದದ್ದು ಜೋರ್ಗೆನ್ಸನ್ ಒಬ್ಬರೇ. ಆ ಲೋಹ ಅವರು.

ಒಂದು ಅಡ್ಡಿ ಇದೆ. ‘ಎರಕ ಹೊಯ್ದ ಹಾಗೆ’ ಎಂಬ ಮಾತಿಗೆ ಈಗ ಕದಲದ, ಬಿರುಕಿಲ್ಲದ ಒಂದೇ ರೂಪ ಎಂಬ ಅರ್ಥ ಅಂಟಿಕೊಂಡಿದೆ. ನಾನು ಹೇಳಬೇಕಾದ್ದು ಅದರ ಎದುರು. ‘ಮಿನಿಸ್ಟ್ರಿಯ ಎರಕಗಳು’ ಎಂದು ಬಹುವಚನದಲ್ಲಿ ಬರೆದರೆ ಓದುಗರಿಗೆ ಬದಲಾವಣೆ ಕೇಳಿಸುತ್ತದೆಯೇ? ‘ಮರುಎರಕ’ ಎಂದರೆ ಸಾಕೇ, ಅಥವಾ ಅದು ಸುಮ್ನೆ ಕಟ್ಟಿದ ಪದದಂತೆ ಕಾಣುತ್ತದೆಯೇ? ಹಳೆಯ ಪಾತ್ರೆ ಕರಗಿಸಿ ಹೊಸದು ಮಾಡುವ ಕೆಲಸಕ್ಕೆ ಕಂಚುಗಾರರಲ್ಲಿ ಬೇರೆಯೇ ಪದ ಇದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು. ‘ಇಂಡಸ್ಟ್ರಿಯಲ್’ ಎಂಬುದನ್ನು ‘ಕೈಗಾರಿಕಾ’ ಮಾಡಲು ನನಗೆ ಹಿಂಜರಿಕೆ. ಆ ಪದದ ಮೊದಲಲ್ಲೇ ‘ಕೈ’ ಇದೆ, ಈ ಸಂಗೀತದ ಹುರುಪೆಲ್ಲ ಯಂತ್ರದ ಹೊಡೆತದಲ್ಲಿದೆ. ಹೆಸರು ಹುಟ್ಟಿದ್ದೂ 1976ರಲ್ಲಿ ಲಂಡನ್ನಿನಲ್ಲಿ ಶುರುವಾದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯಿಂದ. ಹಾಗಾಗಿ ಅದನ್ನು ಇದ್ದ ಹಾಗೇ ಬಿಡುತ್ತೇನೆ.

‘ಎರಕ’ದ ಕಡೆಗೆ ನನ್ನನ್ನು ಎಳೆದದ್ದು 2025ರ ಆಲ್ಬಮ್. ಅಷ್ಟು ವರ್ಷ ದೂರ ಇಟ್ಟಿದ್ದ ಆ ಸಿಂಥ್ ಪಾಪ್ ಹಾಡುಗಳನ್ನೇ ಜೋರ್ಗೆನ್ಸನ್ ಮತ್ತೆ ಕೈಗೆತ್ತಿಕೊಂಡು, ಇವತ್ತಿನ ಭಾರದ ಗಿಟಾರಿನಲ್ಲಿ ಹೊಸದಾಗಿ ನುಡಿಸಿದ್ದಾರೆ. ಇದಕ್ಕೆ ‘ವಿಕಾಸ’ ಎನ್ನಲು ನನ್ನಿಂದ ಆಗುತ್ತಿಲ್ಲ. ನೀವಾದರೆ ಏನು ಬರೆಯುತ್ತೀರಿ?