ಸೆಮಿನಾರ್ ಪೋಸ್ಟರ್: ಫ್ಲೆಕ್ಸಾ, ಪೇಪರಾ? ಮಾಡಿದವರು ಹೇಳಿ

ಕೊಪ್ಪಳದ ಎಂಎಸ್ಸಿ: ಕೆಮಿಸ್ಟ್ರಿ, ಕೊನೆ ಸೆಮಿಸ್ಟರ್. ಕುಷ್ಟಗಿ ಕಡೆಯ 42 ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಿದ್ದೇನೆ. ಇನ್ನು ಹತ್ತು ದಿನಕ್ಕೆ ಬಳ್ಳಾರಿಯಲ್ಲಿ ಸೆಮಿನಾರ್. ಎ0 ಪೋಸ್ಟರ್ ಕೇಳಿದ್ದಾರೆ, ನನಗೆ ಇದೇ ಮೊದಲು. ಫ್ಲೆಕ್ಸ್ ಮೇಲೆ ಹೊಡೆಸಬೇಕಾ, ಪೇಪರ್ ಮೇಲಾ? ಟೇಬಲ್ ಆರು ಇವೆ, ಎಲ್ಲಾ ಹಾಕಲೇಬೇಕಾ?

ಸವಳು ಮಣ್ಣು, ರಾಯಚೂರು: ಫ್ಲೆಕ್ಸ್ ಮಾತ್ರ ಬೇಡ ತಂಗಿ. ಅಗ್ರಿ ಓದುವಾಗ ಕಾಲುವೆ ಕೊನೆಭಾಗದ ಗದ್ದೆಗಳ ಸವಳಿನ ಮೇಲೆ ಪೋಸ್ಟರ್ ಮಾಡಿದ್ದೆ. ಮೂರು ರಾತ್ರಿ ಕೂತು ಸರಿಯಾಗಿ ಎ0 ಅಳತೆಗೆ 841 ಮಿಲಿಮೀಟರ್ ಅಗಲ, 1189 ಎತ್ತರ ಇಟ್ಟಿದ್ದೆ. ಅಂಗಡಿಯವನು "ಮೂರು ಬೈ ನಾಲ್ಕು ಅಲ್ವಾ?" ಅಂದ. ನಾನು ಹೂಂ ಅಂದೆ. ಕೆಟ್ಟಿದ್ದೇ ಅಲ್ಲಿ. ಮೂರು ಬೈ ನಾಲ್ಕು ಅಡಿ ಅಂದರೆ 914 ಬೈ 1219. ಎಳೆದು ಕೂರಿಸಿಬಿಟ್ಟಿದ್ದ. ನನ್ನ ಪೈ ಚಾರ್ಟ್ ಅಡ್ಡ ಮಲಗಿದ ಮೊಟ್ಟೆಯಾಗಿತ್ತು. ಅಲ್ಲಿ ಹೋದರೆ ಬೋರ್ಡಿನ ಅಗಲ 90 ಸೆಂಟಿಮೀಟರ್. ಎಡಗಡೆ ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಮಡಚಿ ಟೇಪ್ ಹಚ್ಚಿದೆ. ಫ್ಯಾನ್ ಗಾಳಿಗೆ ಅದು ಬಿಚ್ಚಿಕೊಳ್ಳುವುದು, ನಾನು ಮತ್ತೆ ಹಚ್ಚುವುದು, ಇಡೀ ದಿನ ಇದೇ ಕೆಲಸ. ಮರುದಿನ ಜಡ್ಜ್‌ಗಳು ಬರುತ್ತಾರೆ ಅಂತ ರಾತ್ರಿ ಓಡಿಹೋಗಿ ಪೇಪರ್ ಮೇಲೆ ಹೊಡೆಸಿದೆ. ಫ್ಲೆಕ್ಸ್ 240, ಪೇಪರ್ 650, ಆಟೋ 160. ಒಟ್ಟು 1050 ರೂಪಾಯಿ. ಆ ತಿಂಗಳು ಮೆಸ್ ಬಿಲ್ ಬಾಕಿ ಉಳಿಯಿತು.

ಬಳ್ಳಾರಿ ಬಾಬು: ಹೂಂ ಅಂದಿದ್ದು ನೀವು, ತಪ್ಪು ಅಂಗಡಿಯವನದು! ಡಿಗ್ರಿ ಓದುತ್ತಾ ಮೂರು ವರ್ಷ ನಮ್ಮ ಮಾವನ ಫ್ಲೆಕ್ಸ್ ಅಂಗಡಿಯಲ್ಲಿ ಕೂತವನು ನಾನು. ಸ್ಟೂಡೆಂಟ್ಸ್ ಬರುವುದೇ ರಾತ್ರಿ ಎಂಟೂವರೆಗೆ, ಬೆಳಿಗ್ಗೆ ಸೆಮಿನಾರ್ ಅಂತ. ತರುವುದು ವಾಟ್ಸಾಪ್ ಫೋಟೋ. 1600 ಪಿಕ್ಸೆಲ್ ಫೋಟೋನ 33 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 48 ಪಿಕ್ಸೆಲ್ ಬೀಳುತ್ತದೆ. ಹತ್ತಿರ ನಿಂತು ಓದುವ ಪೋಸ್ಟರಿಗೆ 150 ಆದರೂ ಬೇಡವಾ? ಪಿಡಿಎಫ್ ತನ್ನಿ ಅಂದರೆ ಪಿಪಿಟಿ ತರುತ್ತಾರೆ, ನಮ್ಮ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಸಾಲೆಲ್ಲಾ ಜರುಗಿರುತ್ತವೆ. ಆಮೇಲೆ ಸ್ಕ್ರೀನಿನಲ್ಲಿ ಗಿಳಿ ಹಸಿರು ಇತ್ತು, ಪ್ರಿಂಟ್‌ನಲ್ಲಿ ಪಾಚಿ ಯಾಕಾಯಿತು ಅಂತ ಜಗಳ. ಸ್ಕ್ರೀನಿನದು ಬೆಳಕಿನ ಬಣ್ಣ, ಪ್ರಿಂಟಿನದು ಇಂಕಿನ ಬಣ್ಣ. ಅದಕ್ಕೂ ನಾವೇ ಹೊಣೆಯಾ? ನನ್ನ ಸ್ವಂತ ಪೋಸ್ಟರ್ ಫ್ಲೆಕ್ಸ್ ಮೇಲೇ ಹೊಡೆದಿದ್ದು. ಊರಲ್ಲಿ ಇವತ್ತಿಗೂ ಜೋಳದ ರಾಶಿ ಮೇಲೆ ಗಟ್ಟಿಯಾಗಿದೆ.

ಸವಳು ಮಣ್ಣು, ರಾಯಚೂರು: ಜೋಳ ಮುಚ್ಚುವುದಕ್ಕೆ ಫ್ಲೆಕ್ಸೇ ಸರಿ, ಒಪ್ಪಿದೆ. ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುತ್ತಿತ್ತು ರೀ ಅದು. ಬಂದವರೆಲ್ಲಾ ತಲೆ ವಾಲಿಸಿ ಓದುತ್ತಿದ್ದರು.

ಸಿಂಧನೂರಿನವಳು: ನಿಮ್ಮ ಜಗಳದಲ್ಲಿ ಪೋಸ್ಟರಿನ ಒಳಗೆ ಏನಿರಬೇಕು ಅನ್ನುವ ಮಾತೇ ಇಲ್ಲ. 2019ರಲ್ಲಿ ಮೈಕ್ ಮಾರಿಸನ್ ಅನ್ನುವ ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿ ಒಂದು ಹೊಸ ನಮೂನೆ ಹೇಳಿದ. ನಡುವೆ ದೊಡ್ಡ ಅಕ್ಷರದಲ್ಲಿ ಒಂದೇ ಮಾತು, ಅಕ್ಕಪಕ್ಕ ಉಳಿದಿದ್ದು, ಪೂರ್ತಿ ಓದುವವರಿಗೆ ಕ್ಯೂಆರ್ ಕೋಡ್. ನಾನು ಅದನ್ನೇ ಮಾಡಿದೆ. ನಡುವೆ ಬರೆದಿದ್ದು: "ಹಾಸ್ಟೆಲ್ ಹುಡುಗಿಯರು ತಿಂಡಿ ಬಿಡುವುದು ಡಯಟ್‌ಗಾಗಿ ಅಲ್ಲ, ಬಾತ್‌ರೂಮ್ ಕ್ಯೂಗಾಗಿ." ಗೈಡ್ ನೋಡಿ "ಇದು ಪೋಸ್ಟರಾ, ಎಲೆಕ್ಷನ್ ಬ್ಯಾನರಾ?" ಅಂದರು. ಮೂರು ದಿನ ಮಾತು ಬಿಟ್ಟರು. ಸೆಮಿನಾರಿನಲ್ಲಿ ಜನ ಜಾಸ್ತಿ ನಿಂತಿದ್ದು ನನ್ನ ಮುಂದೆಯೇ. ಬಹುಮಾನ ಮಾತ್ರ ಒಂಬತ್ತು ಟೇಬಲ್ ತುರುಕಿದವನಿಗೆ. ಅದರ ಅಕ್ಷರ ಓದಲು ನನ್ನ ಕನ್ನಡಕವೂ ಸಾಲಲಿಲ್ಲ. ಇರಲಿ. 42ರಲ್ಲಿ ಎಷ್ಟು ಬೋರ್‌ವೆಲ್ ಕುಡಿಯುವ ನೀರಿನ ಫ್ಲೋರೈಡ್ ಮಿತಿ, ಅಂದರೆ ಲೀಟರಿಗೆ 1.5 ಮಿಲಿಗ್ರಾಂ, ದಾಟಿವೆ? ಅದನ್ನೇ ದೊಡ್ಡದಾಗಿ ಬರಿ ತಂಗಿ.

ಮಸ್ಕಿ ಮೇಷ್ಟ್ರು: ಕನ್ನಡದಲ್ಲಿ ಮಾಡುವವರ ಕಷ್ಟ ಯಾರೂ ಕೇಳುವುದಿಲ್ಲ. ಎಂಎ ಓದುವಾಗ ನಮ್ಮೂರ ಶಾಸನದ ಮೇಲೆ ಮಾಡಿದ್ದೆ. 1915ರಲ್ಲಿ ಸಿಕ್ಕಿದ್ದು, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನುವ ರಾಜ ಅಶೋಕನೇ ಅಂತ ಗಟ್ಟಿಯಾಗಿದ್ದು ಅದರಿಂದ. ಅಶೋಕನ ಹೆಸರಿರುವ ಶಾಸನ ಅದೊಂದೇ. ಕನ್ನಡವನ್ನೆಲ್ಲಾ ಹಳೇ ನುಡಿ ಫಾಂಟ್‌ನಲ್ಲಿ, ಶಾಸನದ ಬ್ರಾಹ್ಮಿ ಲಿಪಿಯನ್ನು ಬೇರೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ಅಂಗಡಿಯಲ್ಲಿ ಆ ಎರಡೂ ಫಾಂಟ್ ಇಲ್ಲ. ಕನ್ನಡವೆಲ್ಲಾ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಯಿತು, ಬ್ರಾಹ್ಮಿ ಇದ್ದ ಕಡೆ ಸಾಲಾಗಿ ಖಾಲಿ ಚೌಕಗಳು. ಕನ್ನಡವನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಹುಡುಕಿ ಹುಡುಕಿ ತಿದ್ದುವಷ್ಟರಲ್ಲಿ ಬೆಳಗಿನ ಜಾವ ನಾಲ್ಕು. ಬ್ರಾಹ್ಮಿಗೆ ಏನೂ ತೋಚಲಿಲ್ಲ, ಜಾಗ ಖಾಲಿ ಬಿಟ್ಟು ಹೊಡೆಸಿ, ಕಪ್ಪು ಮಾರ್ಕರಿನಲ್ಲಿ ಕೈಯಾರೆ ಬರೆದೆ. ಎಲ್ಲರೂ ಫೋಟೋ ತೆಗೆದುಕೊಂಡಿದ್ದು ಅದನ್ನೇ. ಪೇಪರ್ ಆಗಿದ್ದಕ್ಕೆ ಮಾರ್ಕರ್ ಹಿಡಿಯಿತು.

ಬಳ್ಳಾರಿ ಬಾಬು: ಮೇಷ್ಟ್ರೇ, ಫ್ಲೆಕ್ಸ್ ಮೇಲೂ ಮಾರ್ಕರ್ ಹಿಡಿಯುತ್ತದೆ. ಪರ್ಮನೆಂಟ್ ತರಬೇಕಿತ್ತು. ಇನ್ನೊಂದು, ಅಶೋಕನ ಹೆಸರು ಮಸ್ಕಿಯಲ್ಲೊಂದೇ ಅಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಇದೆ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ.

ಮಸ್ಕಿ ಮೇಷ್ಟ್ರು: ಮೊದಲು ಸಿಕ್ಕಿದ್ದು ಮಸ್ಕಿಯದು.

ಬಳ್ಳಾರಿ ಬಾಬು: "ಮೊದಲು" ಅಂತ ಎಲ್ಲಿ ಬರೆದಿರಿ? "ಅದೊಂದೇ" ಅಂತ ಬರೆದಿದ್ದೀರಿ. ಮೇಲೆ ನೋಡಿ.

ಕೊಪ್ಪಳದ ಎಂಎಸ್ಸಿ: ಥ್ಯಾಂಕ್ಸ್ ಅಣ್ಣಾ, ಅಕ್ಕಾ, ಸರ್. ಆರು ಟೇಬಲ್ ತೆಗೆದು ಒಂದು ತಾಲ್ಲೂಕು ಮ್ಯಾಪ್ ಹಾಕುತ್ತೇನೆ. ಬೋರ್ಡಿನ ಅಳತೆ ಫೋನ್ ಮಾಡಿ ಕೇಳಿದೆ. ಪಿಡಿಎಫ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ. ಫ್ಲೆಕ್ಸಾ, ಪೇಪರಾ ಅನ್ನುವುದೊಂದು ಗೊತ್ತಾಗಲಿಲ್ಲ.

ಸವಳು ಮಣ್ಣು, ರಾಯಚೂರು: ಪೇಪರ್.

ಬಳ್ಳಾರಿ ಬಾಬು: ಫ್ಲೆಕ್ಸ್. ಮ್ಯಾಟ್ ಫ್ಲೆಕ್ಸ್ ಅಂತ ಕೇಳು, ಹೊಳೆಯುವುದಿಲ್ಲ.

ಮಸ್ಕಿ ಮೇಷ್ಟ್ರು: ಬಾಬು, ಉಡೆಗೋಳದ್ದು ಯಾವ ವರ್ಷ ಸಿಕ್ಕಿತು, ಅದನ್ನು ಹೇಳಿ ಆಮೇಲೆ ಮಾತಾಡಿ.