ಹಳ್ಳದ ಬೇರು, ಕಾಫಿ ಬೊಡ್ಡೆ: ಮೀನಿನ ಟ್ಯಾಂಕಿಗೆ ಹಾಕುವ ಮುಂಚೆ (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲ ಕಳೆದ ಮೇಲೆ ಮನೆ ಹಿಂದಿನ ಹಳ್ಳದ ದಡದಲ್ಲಿ ಚೆಂದದ ಬೇರೊಂದು ಸಿಕ್ಕಿದೆ. ತೋಟದಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಬೊಡ್ಡೆಯೂ ಇದೆ. ಎರಡಡಿ ಮೀನಿನ ಟ್ಯಾಂಕ್, ಗಪ್ಪಿ ಮೀನು ಮತ್ತು ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ) ಇವೆ. ಅಂಗಡಿಯ ಡ್ರಿಫ್ಟ್‌ವುಡ್ (ಟ್ಯಾಂಕೊಳಗೆ ಅಲಂಕಾರಕ್ಕೆ ಇಡುವ ಮರದ ತುಂಡು) ತುಂಬಾ ದುಬಾರಿ. ಇದನ್ನೇ ಚೆನ್ನಾಗಿ ಕುದಿಸಿ ಹಾಕಿದರೆ ಸಾಕಾ?

ಉತ್ತರ: ನಮಸ್ಕಾರ. ಕುದಿಸೋದು ಆಮೇಲಿನ ಮಾತು. ಮೊದಲು ಹೇಳಿ, ಆ ಕಾಫಿ ಬೊಡ್ಡೆ ಇದ್ದ ತೋಟಕ್ಕೆ ಬೋರ್ಡೋ ಹೊಡೆಯುತ್ತಿದ್ದರಾ? ಅಡಿಕೆ ಜೊತೆ ಬೆಳೆದ ಕಾಫಿ ಆದರೆ ಹೊಡೆದೇ ಇರುತ್ತಾರೆ, ಕೊಳೆರೋಗಕ್ಕೆ ನಮ್ಮ ಕಡೆ ಇರುವ ಮದ್ದೇ ಅದು. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ, ಮೈಲುತುತ್ತು ಅಂದರೆ ತಾಮ್ರ. ಮೀನು ಸ್ವಲ್ಪ ತಾಮ್ರ ತಡೆದುಕೊಳ್ಳುತ್ತದೆ, ಶ್ರಿಂಪ್ ಮತ್ತು ಬಸವನಹುಳು ತಡೆಯೋದಿಲ್ಲ. ಕುದಿಸಿದರೆ ಹುಳ, ಮೊಟ್ಟೆ, ಬೂಷ್ಟು ಸಾಯುತ್ತವೆ, ತಾಮ್ರ ಎಲ್ಲಿಗೂ ಹೋಗಲ್ಲ. ತೊಗಟೆಯಲ್ಲಿ, ಬಿರುಕಿನಲ್ಲಿ ಕೂತಿದ್ದು ನಿಧಾನಕ್ಕೆ ನೀರಿಗೆ ಬಿಡುತ್ತಲೇ ಇರುತ್ತದೆ. ಹಾಗಾಗಿ ನಾನಾಗಿದ್ದರೆ ಶ್ರಿಂಪ್ ಇರುವ ಟ್ಯಾಂಕಿಗೆ ಆ ಬೊಡ್ಡೆ ಹಾಕುವುದೇ ಇಲ್ಲ, ಎಷ್ಟೇ ಚೆನ್ನಾಗಿ ಕಂಡರೂ.

ಇನ್ನು ಹಳ್ಳದ ಬೇರು. ಹಳ್ಳದ ಮೇಲ್ಗಡೆ ತೋಟ ಇದ್ದರೂ ಮಳೆಗಾಲ ಪೂರ್ತಿ ನೀರಲ್ಲಿ ತೊಳೆದು ಬಂದಿರೋದರಿಂದ ಇದರ ಮೇಲೆ ನನಗೆ ಭರವಸೆ ಜಾಸ್ತಿ. ಆದರೆ ಒಳಗೆ ಗಟ್ಟಿ ಇದೆಯಾ ನೋಡಬೇಕು. ಹೆಬ್ಬೆರಳಿನ ಉಗುರು ಒತ್ತಿ. ಉಗುರು ಇಳಿದರೆ, ಇಲ್ಲಾ ಬೆಣ್ಣೆ ಥರ ಎದ್ದು ಬಂದರೆ ಅದು ಲಡ್ಡು, ಕೆರೆದು ತೆಗೆಯಿರಿ. ಒಳಗಿನ ಚೇಗು ಮಾತ್ರ ಉಳಿಯಬೇಕು. ಹೊರಗಿನ ಬಿಳಿ ಭಾಗ ಟ್ಯಾಂಕಲ್ಲಿ ಬೇಗ ಕೊಳೆಯುತ್ತದೆ. ತೊಗಟೆ ಒಂದು ಚೂರೂ ಬಿಡಬೇಡಿ, ತಂತಿ ಬ್ರಷ್‌ನಲ್ಲಿ ಉಜ್ಜಿ. ಸಂದಿಯಲ್ಲಿ ಗೆದ್ದಲು ಮಣ್ಣು ಇರುತ್ತದೆ, ಹಳೇ ಟೂತ್‌ಬ್ರಷ್ ಹಿಡಿದು ಕೂತರೆ ಮಾತ್ರ ಹೋಗುತ್ತದೆ. ಆಮೇಲೆ ಮೂಸಿ ನೋಡಿ. ಕೊಳೆತ ವಾಸನೆ, ಎಣ್ಣೆ ವಾಸನೆ, ಅಂಟಿನ ಘಾಟು ಬಂದರೆ ಬೇಡ. ಮರ ಯಾವುದು ಅಂತ ಗೊತ್ತಾದರೆ ಒಳ್ಳೇದು: ಸೀಬೆ, ಹುಣಸೆ ನಡೆಯುತ್ತವೆ. ಕಣಗಿಲೆ, ಕಳ್ಳಿ ವಿಷ. ನೀಲಗಿರಿ, ಪೈನ್ ಎಣ್ಣೆ-ಅಂಟಿನ ಮರಗಳು, ಬೇಡ. ಹಸಿ ಮರ ಯಾವುದೇ ಆದರೂ ಬೇಡ, ಪೂರ್ತಿ ಒಣಗಿರಬೇಕು.

ಅದೇ ಪ್ರಶ್ನೆ ಕೇಳಿದವರು: ಬೋರ್ಡೋ ಹೊಡೆಯುತ್ತಾರೆ ಸರ್, ಪ್ರತಿ ವರ್ಷ. ಬೊಡ್ಡೆ ಬಿಟ್ಟೆ. ಬೇರು ಗಟ್ಟಿಯಾಗಿದೆ, ವಾಸನೆ ಇಲ್ಲ. ಆದರೆ ಪಾತ್ರೆಯಲ್ಲಿ ಹಿಡಿಸುವುದಿಲ್ಲ.

ಉತ್ತರ: ಬಚ್ಚಲ ಹಂಡೆ ಇದೆಯಲ್ವಾ, ಅದು ಸಾಕು. ಆದರೆ ತಾಮ್ರದ ಹಂಡೆ ಬೇಡ, ಕಾರಣ ಮೇಲೆಯೇ ಹೇಳಿದೆ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಆಗಲಿ. ಅರ್ಧ ಮುಳುಗಿಸಿ ಒಂದು ಗಂಟೆ ಕುದಿಸಿ, ತಿರುಗಿಸಿ ಇನ್ನರ್ಧ. ನೀರು ಕಪ್ಪಾದರೆ ಚೆಲ್ಲಿ ಹೊಸದು. ದಿನಗಟ್ಟಲೆ ಕುದಿಸಬೇಡಿ, ಮರದ ನಾರು ಸಡಿಲವಾಗಿ ಬೇಗ ಕೊಳೆಯುತ್ತದೆ. ಕುಕ್ಕರ್‌ಗೆ ಹಾಕಲೇಬೇಡಿ, ಚೂರು ಎದ್ದು ವಿಸಲ್ ದಾರಿ ಮುಚ್ಚಿದರೆ ಅಪಾಯ. ಆಮೇಲೆ ಡ್ರಮ್ಮಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ. ತಾನಾಗೇ ಮುಳುಗೋವರೆಗೆ ಕಾಯಬೇಕು, ಕೆಲವು ಮರಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳು. ಅಷ್ಟು ತಾಳ್ಮೆ ಇಲ್ಲ ಅಂದರೆ ಬೇರಿನ ಕೆಳಗೆ ಕಡಪ ಕಲ್ಲಿನ ತುಂಡು ಕೊಟ್ಟು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಕಲ್ಲಿನ ಮೇಲೆ ಮರಳು ಹರಡಿದರೆ ಕಾಣುವುದೇ ಇಲ್ಲ.

ಇನ್ನೊಬ್ಬರು: ಸಾರ್, ನಮ್ಮದು ಕಾರವಾರ. ಸಮುದ್ರದಲ್ಲಿ ತೇಲಿ ಬಂದ ಮರ ಆಗುತ್ತಾ? ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬಹುದಾ?

ಉತ್ತರ: ಆಗುತ್ತದೆ, ಉಪ್ಪು ಬಿಡಿಸಬೇಕು ಅಷ್ಟೇ. ಸಿಹಿನೀರಲ್ಲಿ ನೆನೆಸಿ, ಟಿಡಿಎಸ್ ಮೀಟರ್‌ನಲ್ಲಿ (ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಮೀಟರ್) ನೋಡಿ. ಹೊಸ ನೀರು ಹಾಕಿ ಎರಡು ಮೂರು ದಿನ ಬಿಟ್ಟರೂ ಅಂಕಿ ಹೆಚ್ಚು ಏರದಿದ್ದರೆ ಉಪ್ಪು ಹೋಗಿದೆ ಅಂತ. ದೋಣಿ, ಹಡಗಿನ ಹಲಗೆ ಬೇಡ, ಬಣ್ಣ ಮತ್ತು ಡಾಂಬರು ಬಿಡಿಸಲಾಗುವುದಿಲ್ಲ. ಬ್ಲೀಚ್ ಬೇಡ. ಮರ ಅದನ್ನು ಹೀರಿಕೊಂಡು ಆಮೇಲೆ ಟ್ಯಾಂಕಲ್ಲಿ ಬಿಡುತ್ತದೆ, ಮೀನಿನ ಕಿವಿರು ಸುಡುತ್ತದೆ. ಕುದಿಯುವ ನೀರೇ ಸಾಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿಂದ ಮಾತ್ರ ಒಂದು ಕಡ್ಡಿಯನ್ನೂ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿನ ಹೊಳೆಯ ಮೀನು, ಏಡಿಗೆ ಆ ಮರವೇ ಮನೆ.

ಮತ್ತೊಬ್ಬರು (ಮೇಡಂ): ನಮ್ಮ ಡ್ರಿಫ್ಟ್‌ವುಡ್ ಮೇಲೆ ಬಿಳಿ ಲೋಳೆ ಬಂದಿದೆ. ತೆಗೆದು ಬಿಸಾಕಲಾ?

ಉತ್ತರ: ಬೇಡ ಮೇಡಂ. ಹೊಸ ಮರದ ಸಕ್ಕರೆ ಅಂಶಕ್ಕೆ ಬರುವ ಬ್ಯಾಕ್ಟೀರಿಯಾ, ಶಿಲೀಂಧ್ರ ಅದು. ಕೆಲವು ವಾರದಲ್ಲಿ ತಾನಾಗೇ ಹೋಗುತ್ತದೆ. ಶ್ರಿಂಪ್, ಬಸವನಹುಳು ಇಷ್ಟಪಟ್ಟು ತಿನ್ನುತ್ತವೆ. ಅಸಹ್ಯ ಅನಿಸಿದರೆ ನೀರು ಬದಲಿಸುವಾಗ ಪೈಪಲ್ಲಿ ಎಳೆದುಬಿಡಿ. ಮರ ಮೆತ್ತಗಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಮಾತ್ರ ತೆಗೆಯಿರಿ.

ಮೊದಲು ಕೇಳಿದವರು: ಕೊನೇದಾಗಿ ಸರ್, ನೀರು ಟೀ ಬಣ್ಣ ಆದರೆ ಗಪ್ಪಿಗೆ ತೊಂದರೆನಾ?

ಉತ್ತರ: ಬಣ್ಣದಿಂದ ಏನೂ ಇಲ್ಲ, ಅದು ಟ್ಯಾನಿನ್, ಮರದಿಂದ ನೀರಿಗೆ ಬಿಡುವ ಒಗರು ಅಂಶ. ಆದರೆ ಟ್ಯಾನಿನ್ ಪಿಹೆಚ್ ಇಳಿಸುತ್ತದೆ, ಅಂದರೆ ನೀರನ್ನು ಹುಳಿ ಕಡೆಗೆ ಒಯ್ಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಅಲ್ಲಿ ಅಷ್ಟು ಗೊತ್ತಾಗಲ್ಲ. ನಿಮ್ಮ ಮಲೆನಾಡಿನ ಬಾವಿ ನೀರು ಸಾಮಾನ್ಯವಾಗಿ ಮೆದು, ಬೇಗ ಇಳಿಯಬಹುದು. ಗಪ್ಪಿಗೆ ಬೇಕಾಗಿರೋದು ಗಡಸು ನೀರು. ಮರ ಹಾಕಿದ ಮೇಲೆ ವಾರಕ್ಕೊಮ್ಮೆ ಪಿಹೆಚ್ ನೋಡಿ. 7ಕ್ಕಿಂತ ಕೆಳಗೆ ಹೋಗ್ತಾ ಇದ್ದರೆ ಫಿಲ್ಟರ್‌ನಲ್ಲಿ ತೊಳೆದ ಕಪ್ಪೆಚಿಪ್ಪಿನ ಚೂರು ಒಂದು ಹಿಡಿ ಹಾಕಿ. ಬಣ್ಣ ಇಷ್ಟ ಇಲ್ಲದಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ ತಿಳಿಯಾಗುತ್ತದೆ. ಮತ್ತೆ, ಮರ ಇಟ್ಟ ಮೊದಲ ವಾರ ಶ್ರಿಂಪ್ ಕಡೆ ಒಂದು ಕಣ್ಣಿರಲಿ. ಸುಮ್ನೆ ಮೂಲೆ ಸೇರಿದರೆ, ಇಲ್ಲಾ ಮೇಲಕ್ಕೆ ಹತ್ತಿ ಓಡಾಡಿದರೆ ತಕ್ಷಣ ಮರ ಆಚೆ ತೆಗೆದು ಅರ್ಧ ನೀರು ಬದಲಿಸಿ, ಇಲ್ಲಿ ಫೋಟೊ ಹಾಕಿ. ನಾನು ನೋಡುತ್ತೇನೆ.